ವಿಶ್ವಕಪ್ ಆಡದ ರಾಜ: ಜಪಾನ್ ಇನ್ನೂ ಕಜುವನ್ನು ಯಾಕೆ ಪ್ರೀತಿಸುತ್ತದೆ?

ಜನವರಿ 11, ಬೆಳಗ್ಗೆ 11 ಗಂಟೆ 11 ನಿಮಿಷ. ಲಗ್ನಕ್ಕೆ ಮುಹೂರ್ತ ಇಟ್ಟ ಹಾಗೆ ನಿಮಿಷ ನೋಡಿ ಇಟ್ಟ ಸಮಯ ಇದು. ಜಪಾನಿನ ಯೊಕೊಹಾಮಾ ಎಫ್‌ಸಿ ಕ್ಲಬ್ ತನ್ನ 11ನೇ ನಂಬರ್ ಜೆರ್ಸಿಯ ಆಟಗಾರ ಇನ್ನೊಂದು ವರ್ಷ ಆಡುತ್ತಾರೆ ಅಂತ ಪ್ರಕಟಿಸಲು ಇದೇ ಹೊತ್ತನ್ನು ಆರಿಸಿಕೊಳ್ಳುತ್ತಿತ್ತು. ಆ ಆಟಗಾರನ ವಯಸ್ಸು ಆಗಲೇ 50ರ ಆಸುಪಾಸು. ಹೆಸರು ಕಜುಯೋಶಿ ಮಿಯುರಾ. ಜಪಾನಿನವರ ಬಾಯಲ್ಲಿ ‘ಕಿಂಗ್ ಕಜು’.

ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 40 ತುಂಬಿದ ಮೇಲೂ ಗೋಲು ಹೊಡೆದಾಗ ನಾವೆಲ್ಲ ಬೆರಗಾದೆವು, ಅಲ್ವಾ? ಕಜು 58ರಲ್ಲೂ ಕ್ಲಬ್ಬಿನ ಜೆರ್ಸಿ ತೊಟ್ಟು ಲೀಗ್ ಪಂದ್ಯಕ್ಕೆ ಇಳಿದಿದ್ದಾರೆ. ಆದರೆ ವಯಸ್ಸೊಂದನ್ನೇ ನೋಡಿದರೆ ಅವರ ಜನಪ್ರಿಯತೆ ಅರ್ಥವಾಗುವುದಿಲ್ಲ. ಜಪಾನಿನಿಂದ ಕಜುಗಿಂತ ದೊಡ್ಡ ಕ್ಲಬ್‌ಗಳಲ್ಲಿ ಆಡಿದವರು ಬಂದಿದ್ದಾರೆ. ಯುರೋಪಿನಲ್ಲಿ ಅವರಿಗಿಂತ ಎಷ್ಟೋ ಜಾಸ್ತಿ ಗೆದ್ದವರೂ ಬಂದಿದ್ದಾರೆ. ಕಜು ಒಂದೇ ಒಂದು ವಿಶ್ವಕಪ್ ಪಂದ್ಯವನ್ನೂ ಆಡಿಲ್ಲ. ಹಾಗಿದ್ದೂ ‘ಕಿಂಗ್’ ಅನ್ನುವ ಹೆಸರು ಬೇರೆ ಯಾರಿಗೂ ಹೋಗಲಿಲ್ಲ. ಇದು ಹೇಗೆ ಅಂತ ತಿಳಿಯಲು ಅವರ ಬದುಕನ್ನೂ ಜಪಾನಿನ ಫುಟ್‌ಬಾಲಿನ ಬದುಕನ್ನೂ ಒಟ್ಟಿಗೆ ನೋಡಬೇಕು.

ಕಜು ಹುಟ್ಟಿದ್ದು 1967ರ ಫೆಬ್ರವರಿ 26ರಂದು, ಶಿಜುವೊಕಾ ನಗರದಲ್ಲಿ. ಜಪಾನಿನಲ್ಲಿ ಫುಟ್‌ಬಾಲ್ ಹುಚ್ಚು ಹೆಚ್ಚಿರುವ ಸೀಮೆ ಅದು. ಅಣ್ಣ ಯಾಸುತೊಶಿ ಕೂಡ ಆಟಗಾರ. ಹುಡುಗನಿಗೆ ಬ್ರೆಜಿಲ್‌ಗೆ ಹೋಗಿ ವೃತ್ತಿಪರ ಆಟಗಾರನಾಗುವ ಆಸೆ. ನೂರಕ್ಕೆ 99 ಪಾಲು ಇದು ಆಗದ ಮಾತು ಎಂದು ಶಾಲೆಯ ಕೋಚ್ ಹೇಳಿದರಂತೆ. ಉಳಿದ ಒಂದು ಪಾಲನ್ನು ನಂಬುತ್ತೇನೆ ಅಂತ ಹುಡುಗ ಹೇಳಿದನಂತೆ. 1982ರ ಕೊನೆಯಲ್ಲಿ ಹೈಸ್ಕೂಲಿನ ಮೊದಲ ವರ್ಷವನ್ನೂ ಮುಗಿಸದೆ, 15ನೇ ವಯಸ್ಸಿನಲ್ಲಿ ಒಬ್ಬನೇ ಬ್ರೆಜಿಲ್ ಸೇರಿದ.

ಇದು ಎಷ್ಟು ವಿಚಿತ್ರ ಹೆಜ್ಜೆ ಅಂತ ತಿಳಿಯಲು ಆಗಿನ ಜಪಾನ್ ಹೇಗಿತ್ತು ಅನ್ನುವುದು ಗೊತ್ತಿರಬೇಕು. ಅಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗ್ ಅನ್ನುವುದೇ ಇರಲಿಲ್ಲ. 1965ರಲ್ಲಿ ಶುರುವಾದ ಜಪಾನ್ ಸಾಕರ್ ಲೀಗ್‌ನಲ್ಲಿ ಆಡುತ್ತಿದ್ದವು ಕಂಪನಿಗಳ ತಂಡಗಳು. ಮಿತ್ಸುಬಿಷಿ, ಹಿಟಾಚಿ, ಯಾನ್ಮಾರ್ ಇವೆಲ್ಲ ತಂಡಗಳ ಹೆಸರು. ಆಟಗಾರರು ಆ ಕಂಪನಿಗಳ ನೌಕರರು. ನಮ್ಮಲ್ಲಿ ಐಟಿಐ, ಎಚ್‌ಎಎಲ್ ತಂಡಗಳು ಇದ್ದವಲ್ಲ, ಹೆಚ್ಚುಕಡಿಮೆ ಹಾಗೆಯೇ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಜಪಾನ್ ಕಂಚು ಗೆದ್ದಿತ್ತು. ಆಮೇಲೆ ದೀರ್ಘ ಮೌನ. ದೇಶದ ಮನಸ್ಸೆಲ್ಲ ಬೇಸ್‌ಬಾಲಿನ ಕಡೆಗಿತ್ತು. ಬ್ರೆಜಿಲ್ ಮೈದಾನಗಳಲ್ಲಿ ಯಾರಾದರೂ ಕೆಟ್ಟದಾಗಿ ಆಡಿದರೆ ‘ಜಪಾನಿ’ ಅಂತ ಗೇಲಿ ಮಾಡುತ್ತಿದ್ದ ಕಾಲ ಅದು. ಅಂಥಲ್ಲಿಗೆ ಜಪಾನಿನಿಂದ ಒಬ್ಬ ಹುಡುಗ ಬಂದು ‘ನಾನು ಆಟಗಾರನಾಗುತ್ತೇನೆ’ ಅಂದ.

ಸಾವೊ ಪೌಲೊದ ಜುವೆಂಟಸ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಶುರು. ಭಾಷೆ ಬಾರದು, ಆಡುವ ಅವಕಾಶ ಸಿಗದು. ಒಂದು ಹಂತದಲ್ಲಿ ವಾಪಸು ಹೋಗಿಬಿಡೋಣ ಅನ್ನಿಸಿತ್ತಂತೆ. ಆಗ ರಿಯೊ ನಗರದ ಪಾರ್ಕೊಂದರಲ್ಲಿ ಬಡ ಮಕ್ಕಳು ಫುಟ್‌ಬಾಲ್ ಆಡುವುದನ್ನು ಕಂಡರು. ಕೆಲವರಿಗೆ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಒಬ್ಬ ಹುಡುಗನಿಗೆ ಒಂದೇ ಕಾಲು. ಎಲ್ಲರೂ ಒಂದು ಚೆಂಡಿನ ಹಿಂದೆ ನಗುತ್ತಾ ಓಡುತ್ತಿದ್ದರು. ತನಗೆ ಎರಡು ಕಾಲಿವೆ, ಬೂಟಿವೆ, ಇನ್ನೇನು ಬೇಕು ಅಂತ ಆಗ ಅನ್ನಿಸಿತು ಎಂದು ಕಜು ಹೇಳಿಕೊಂಡಿದ್ದಾರೆ. ನನಗೆ ಅವರ ಇಡೀ ಬದುಕಿನ ಕೀಲಿಕೈ ಇಲ್ಲಿಯೇ ಇದೆ ಅನ್ನಿಸುತ್ತದೆ. ಮುಂದೆ 50 ದಾಟಿದ ಮೇಲೂ ಆಡುವುದಕ್ಕೆ ಅವರು ಬೇರೆ ಕಾರಣ ಹುಡುಕಲಿಲ್ಲ.

1986ರಲ್ಲಿ ಪೆಲೆಯ ಕ್ಲಬ್ ಸ್ಯಾಂಟೋಸ್ ಜೊತೆ ವೃತ್ತಿಪರ ಒಪ್ಪಂದವಾಯಿತು. ಅಲ್ಲಿ ನೆಲೆ ಸಿಗದೆ ಸಣ್ಣ ಸಣ್ಣ ಕ್ಲಬ್‌ಗಳನ್ನು ಸುತ್ತಿದರು. 1988ರಲ್ಲಿ ಜಾವೂ ಎಂಬ ಪಟ್ಟಣದ ತಂಡದಲ್ಲಿದ್ದಾಗ ದೊಡ್ಡ ತಂಡ ಕೊರಿಂಥಿಯನ್ಸ್ ವಿರುದ್ಧ ಗೋಲು ಹೊಡೆದರು. 1989ರಲ್ಲಿ ಕೊರಿಟಿಬಾ ತಂಡದೊಂದಿಗೆ ಪರಾನಾ ರಾಜ್ಯದ ಚಾಂಪಿಯನ್ ಆದರು. 1990ರಲ್ಲಿ ಮತ್ತೆ ಸ್ಯಾಂಟೋಸ್. ಅದೇ ವರ್ಷ ಜಪಾನಿಗೆ ಮರಳಿ, ಮುಂದೆ ವೆರ್ಡಿ ಕಾವಾಸಾಕಿ ಎಂದು ಹೆಸರಾದ ಯೊಮಿಯುರಿ ತಂಡವನ್ನು ಸೇರಿದರು. ವಯಸ್ಸು 23.

ಅವರು ಮರಳಿದ ಹೊತ್ತೂ ತಕ್ಕುದಾಗಿತ್ತು. ಕಂಪನಿ ತಂಡಗಳ ಕಾಲ ಮುಗಿಯುತ್ತಿತ್ತು. ದೇಶದ ಮೊದಲ ವೃತ್ತಿಪರ ಲೀಗ್ ಆದ ಜೆ ಲೀಗ್ ಹುಟ್ಟುವುದರಲ್ಲಿತ್ತು. ಹೊಸ ಲೀಗಿನ ನಿಯಮ ಸರಳ: ತಂಡಕ್ಕೆ ಕಂಪನಿಯ ಹೆಸರಲ್ಲ, ಊರಿನ ಹೆಸರು ಇರಬೇಕು. ಊರಿನ ಜನರೇ ಅದನ್ನು ತಮ್ಮದು ಅಂದುಕೊಳ್ಳಬೇಕು. 10 ಕ್ಲಬ್‌ಗಳು ಸೇರಿದವು. ಬ್ರೆಜಿಲ್‌ನಿಂದ ಜೀಕೊ, ಇಂಗ್ಲೆಂಡಿನಿಂದ ಗ್ಯಾರಿ ಲಿನೆಕರ್, ಜರ್ಮನಿಯಿಂದ ಲಿಟ್‌ಬಾರ್‌ಸ್ಕಿ ಬಂದರು. 1993ರ ಮೇ 15ರಂದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ. ವೆರ್ಡಿ ಕಾವಾಸಾಕಿಗೆ ಯೊಕೊಹಾಮಾ ಮರಿನೋಸ್ ಎದುರಾಳಿ. 59,626 ಮಂದಿ ನೋಡಲು ಬಂದಿದ್ದರು. ವೆರ್ಡಿ ಸೋತಿತು, ಆದರೆ ಆ ವರ್ಷವೂ ಮರುವರ್ಷವೂ ಲೀಗ್ ಗೆದ್ದಿತು.

ಹೊಸ ಲೀಗಿಗೆ ಒಂದು ಮುಖ ಬೇಕಿತ್ತು. ವಿದೇಶದ ತಾರೆಗಳು ಎಷ್ಟೇ ಇರಲಿ, ನಮ್ಮವನೊಬ್ಬ ಬೇಕು ಅಂತ ಜನಕ್ಕೆ ಅನ್ನಿಸುತ್ತದಲ್ಲ? ಕಜು ಆ ಮುಖವಾದರು. ಚೆಂಡಿನ ಮೇಲೆ ಕಾಲನ್ನು ಅತ್ತಿಂದಿತ್ತ ಸುತ್ತಿಸಿ ಎದುರಾಳಿಯನ್ನು ಮೋಸಗೊಳಿಸುವ ಅವರ ವರಸೆಯನ್ನು ಊರೂರಿನ ಮಕ್ಕಳು ಅನುಕರಿಸಿದರು. ಗೋಲು ಹೊಡೆದ ಮೇಲೆ ಪಾದಗಳನ್ನು ಪಟಪಟನೆ ಆಡಿಸಿ, ಸೊಂಟ ಕುಣಿಸಿ ಮಾಡುವ ‘ಕಜು ಡ್ಯಾನ್ಸ್’ ಮನೆಮಾತಾಯಿತು. ಮೊದಲ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿ ತೆಗೆದುಕೊಳ್ಳಲು ಕೆಂಪು ಸೂಟು ತೊಟ್ಟು ಬಂದರು. ನಾಲ್ಕು ಜನರ ನಡುವೆ ಎದ್ದು ಕಾಣಬಾರದು ಎಂದು ಮಕ್ಕಳಿಗೆ ಕಲಿಸುವ ಸಮಾಜ ಅದು. ಅಲ್ಲಿ ಒಬ್ಬ ಮನುಷ್ಯ ಸಂಕೋಚವೇ ಇಲ್ಲದೆ ಕೆಂಪಾಗಿ ನಿಂತದ್ದು ಜನಕ್ಕೆ ಹಿಡಿಸಿತು. ಅದು ಸುಮ್ನೆ ತೋರಿಕೆ ಆಗಿದ್ದರೆ ಎರಡು ವರ್ಷದಲ್ಲಿ ಹಳಸುತ್ತಿತ್ತು. ಆದರೆ ಹಿಂದೆ ಬ್ರೆಜಿಲ್‌ನ ಎಂಟು ವರ್ಷಗಳ ಬೆವರಿತ್ತು.

ಇಷ್ಟಾದರೂ ನಾನು ಹೇಳುತ್ತಿರುವುದು ಬರೀ ಒಬ್ಬ ತಾರೆಯ ಕಥೆ. ತಾರೆಗಳು ಬರುತ್ತಾರೆ, ಹೋಗುತ್ತಾರೆ. ಜನರ ಮನಸ್ಸಿನಲ್ಲಿ ಕಜು ಬೇರೂರಿದ್ದು ಎರಡು ನೋವುಗಳಿಂದ.

ಮೊದಲನೆಯದು ದೋಹಾ. 1994ರ ವಿಶ್ವಕಪ್‌ಗೆ ಏಷ್ಯಾದ ಕೊನೆಯ ಸುತ್ತು ಕತಾರ್‌ನಲ್ಲಿ ನಡೆಯಿತು. ಆರು ತಂಡಗಳಲ್ಲಿ ಇಬ್ಬರಿಗೆ ಮಾತ್ರ ಜಾಗ. ಜಪಾನ್ ಅಲ್ಲಿಯವರೆಗೆ ವಿಶ್ವಕಪ್ ಆಡಿಯೇ ಇರಲಿಲ್ಲ. 1992ರಲ್ಲಿ ಹಿರೋಶಿಮಾದಲ್ಲಿ ಏಷ್ಯಾ ಕಪ್ ಗೆದ್ದಿದ್ದರಿಂದ ಆಸೆ ಚಿಗುರಿತ್ತು. ಆ ಕಪ್‌ನ ಶ್ರೇಷ್ಠ ಆಟಗಾರನೂ ಕಜುವೇ. ದೋಹಾದಲ್ಲಿ ದಕ್ಷಿಣ ಕೊರಿಯಾ ವಿರುದ್ಧದ ಪಂದ್ಯವನ್ನು 1-0ಯಿಂದ ಗೆಲ್ಲಿಸಿದ್ದು ಅವರ ಗೋಲು. ಕೊನೆಯ ಪಂದ್ಯಕ್ಕೆ ಬರುವಾಗ ಪಟ್ಟಿಯಲ್ಲಿ ಜಪಾನ್ ಮೇಲಿತ್ತು. ಇರಾಕ್ ವಿರುದ್ಧ ಗೆದ್ದರೆ ವಿಶ್ವಕಪ್.

1993ರ ಅಕ್ಟೋಬರ್ 28. ಐದನೇ ನಿಮಿಷದಲ್ಲೇ ಕಜು ತಲೆಯಿಂದ ಗೋಲು ಹೊಡೆದರು. ಇರಾಕ್ ಸಮ ಮಾಡಿತು. ನಕಾಯಾಮಾ ಜಪಾನಿಗೆ ಮತ್ತೆ ಮುನ್ನಡೆ ಕೊಟ್ಟರು. 90 ನಿಮಿಷ ಮುಗಿದು ಹೆಚ್ಚುವರಿ ಸೆಕೆಂಡುಗಳು ಓಡುತ್ತಿದ್ದವು. ಇರಾಕ್‌ಗೆ ಒಂದು ಕಾರ್ನರ್ ಸಿಕ್ಕಿತು. ಚೆಂಡನ್ನು ನೇರ ಒಳಗೆ ಹೊಡೆಯದೆ ಹತ್ತಿರದವನಿಗೆ ಕೊಟ್ಟರು. ತಡೆಯಲು ಓಡಿದವರು ಕಜು. ಅವರ ಕಾಲು ತಲುಪುವಷ್ಟರಲ್ಲಿ ಚೆಂಡು ದಾಟಿ ಹೋಯಿತು. ಜಾಫರ್ ಒಮ್ರಾನ್ ತಲೆಯಿಂದ ಅದನ್ನು ಬಲೆಗೆ ಸೇರಿಸಿದರು. 2-2.

ಆಗ ಗೆಲುವಿಗೆ ಎರಡು ಅಂಕ. ಸೌದಿ ಅರೇಬಿಯಾ 7, ದಕ್ಷಿಣ ಕೊರಿಯಾ 6, ಜಪಾನ್ 6. ಗೋಲು ವ್ಯತ್ಯಾಸದಲ್ಲಿ ಕೊರಿಯಾ ಮುಂದಾಗಿ ವಿಶ್ವಕಪ್ ನಡೆಯಲಿದ್ದ ಅಮೆರಿಕಕ್ಕೆ ಹೋಯಿತು. ಜಪಾನಿನಲ್ಲಿ ಆಗ ಮಧ್ಯರಾತ್ರಿ. ಆ ಪಂದ್ಯದ ಟಿವಿ ರೇಟಿಂಗ್ 48.1 ಶೇಕಡಾ. ಅಂದರೆ ಸುಮಾರು ಅರ್ಧ ದೇಶ ಎಚ್ಚರವಿದ್ದು ಒಟ್ಟಿಗೆ ಆ ಚೆಂಡು ಒಳಗೆ ಹೋಗುವುದನ್ನು ನೋಡಿತು. ಅಲ್ಲಿ ಅದನ್ನು ಇವತ್ತಿಗೂ ‘ದೋಹಾದ ದುರಂತ’ ಎಂದೇ ಕರೆಯುತ್ತಾರೆ. ಒಂದು ದೇಶ ಫುಟ್‌ಬಾಲನ್ನು ನಿಜವಾಗಿ ತನ್ನದು ಮಾಡಿಕೊಂಡಿದ್ದು ಗೆದ್ದ ದಿನವಲ್ಲ, ಆ ರಾತ್ರಿ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅಂದು ಮೈದಾನದಲ್ಲಿದ್ದ ಹಾಜಿಮೆ ಮೊರಿಯಾಸು 2022ರಲ್ಲಿ ಅದೇ ದೋಹಾಕ್ಕೆ ಜಪಾನಿನ ಕೋಚ್ ಆಗಿ ಬಂದು ಜರ್ಮನಿಯನ್ನೂ ಸ್ಪೇನನ್ನೂ ಸೋಲಿಸಿದರು. ಕಜುಗೆ ಅಂಥ ಅವಕಾಶ ಸಿಗಲಿಲ್ಲ.

ನಡುವೆ ಇಟಲಿ. 1994ರಲ್ಲಿ ಜಿನೋವಾ ಕ್ಲಬ್ ಸೇರಿ, ಅಲ್ಲಿನ ಮೇಲಿನ ದರ್ಜೆಯ ಲೀಗ್ ಸೀರಿ ಎ ಆಡಿದ ಮೊದಲ ಜಪಾನಿ ಆದರು. ಮೊದಲ ಪಂದ್ಯದಲ್ಲೇ ಎಸಿ ಮಿಲಾನ್‌ನ ಬಾರೇಸಿಗೆ ಡಿಕ್ಕಿಯಾಗಿ ಮೂಗು ಮುರಿಯಿತು. 21 ಪಂದ್ಯ, ಒಂದೇ ಗೋಲು. ಅದೂ ಅದೇ ಊರಿನ ಸಂಪ್ಡೋರಿಯಾ ವಿರುದ್ಧ. ಜಿನೋವಾ ಜೆರ್ಸಿಯ ಮೇಲೆ ಜಪಾನಿನ ಕೆನ್‌ವುಡ್ ಕಂಪನಿಯ ಹೆಸರಿತ್ತು. ಜಾಹೀರಾತಿಗಾಗಿ ತಂದ ಆಟಗಾರ ಎಂಬ ಮಾತೂ ಬಂತು. ಮುಂದೆ 1998ರಲ್ಲಿ ಇನ್ನೊಬ್ಬ ಜಪಾನಿ ಆಟಗಾರ ನಕಾತಾ ಇಟಲಿಯದೇ ಪೆರುಜಿಯಾ ಕ್ಲಬ್ಬಿಗೆ ಹೋಗಿ ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದಾಗ ಅಂಥ ಮಾತು ನಿಂತಿತು. ದಾರಿ ಮಾಡಿದವನಿಗೆ ಮುಳ್ಳು, ಹಿಂದೆ ಬಂದವನಿಗೆ ನಡಿಗೆ. ಅದು ಕಜು ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಎರಡನೆಯ ನೋವು ದೊಡ್ಡದು.

1998ರ ವಿಶ್ವಕಪ್ ಅರ್ಹತಾ ಪಂದ್ಯಗಳು. ಕಜು ಮಕಾವ್ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಗೋಲು, ಉಜ್ಬೇಕಿಸ್ತಾನ್ ವಿರುದ್ಧ ನಾಲ್ಕು ಗೋಲು ಹೊಡೆದರು. ಆಮೇಲೆ ಗೋಲು ಬತ್ತಿತು. ತಂಡ ತಡವರಿಸಿತು, ನಡುವೆಯೇ ಕೋಚ್ ಬದಲಾಗಿ ತಾಕೆಶಿ ಒಕಾಡಾ ಬಂದರು. ಕೊನೆಗೆ 1997ರ ನವೆಂಬರ್ 16ರಂದು ಮಲೇಷ್ಯಾದ ಜೊಹೊರ್ ಬಹ್ರುನಲ್ಲಿ ಇರಾನ್ ವಿರುದ್ಧ ನಿರ್ಣಾಯಕ ಪಂದ್ಯ. ಎರಡನೇ ಅರ್ಧದಲ್ಲಿ ಒಕಾಡಾ ಮುಂಚೂಣಿಯ ಇಬ್ಬರನ್ನೂ ಒಟ್ಟಿಗೆ ಹೊರಗೆ ಕರೆದರು. ಕಜು ತಮ್ಮ ಎದೆಯತ್ತ ಬೆರಳು ತೋರಿಸಿ ‘ನಾನಾ?’ ಎಂಬಂತೆ ನೋಡಿದರು. ಆ ನೋಟ ಜಪಾನಿನಲ್ಲಿ ಎಲ್ಲರಿಗೂ ನೆನಪಿದೆ. ಜಪಾನ್ 3-2ರಿಂದ ಗೆದ್ದಿತು. ಮೊದಲ ಬಾರಿಗೆ ವಿಶ್ವಕಪ್!

ಮರುವರ್ಷ ಜೂನ್‌ನಲ್ಲಿ ತಂಡ ಸ್ವಿಟ್ಜರ್ಲೆಂಡಿನ ನಿಯೋನ್‌ನಲ್ಲಿ ಅಭ್ಯಾಸ ಮಾಡುತ್ತಿತ್ತು. ಶಿಬಿರದಲ್ಲಿ 25 ಮಂದಿ. ವಿಶ್ವಕಪ್‌ಗೆ 22 ಜನ ಮಾತ್ರ. ಮೂವರು ವಾಪಸಾಗಬೇಕು. ಜೂನ್ 2ರಂದು ಒಕಾಡಾ ಪತ್ರಕರ್ತರ ಮುಂದೆ ಕೂತು ಮೂರು ಹೆಸರು ಓದಿದರು. ಇಚಿಕಾವಾ, ಕಿಟಾಜಾವಾ ಮತ್ತು ಕಜು. ಓದುವಾಗ ಕಜು ಹೆಸರನ್ನು ಅವರು ಎರಡು ಸಲ ಹೇಳಿದರು. ಒಮ್ಮೆ ಬರೀ ಕಜು, ಆಮೇಲೆ ಮಿಯುರಾ ಕಜು.

ಇದನ್ನು ನ್ಯಾಯವಾಗಿ ನೋಡಬೇಕು. ಒಕಾಡಾ ಕಟುಕರಲ್ಲ. 31 ವಯಸ್ಸಿನ ಕಜು ಆಗ ಒಳ್ಳೆಯ ಲಯದಲ್ಲಿ ಇರಲಿಲ್ಲ, ನಿಜ. 18ರ ಶಿಂಜಿ ಒನೊನಂಥ ಹುಡುಗರು ಬಾಗಿಲಲ್ಲಿ ನಿಂತಿದ್ದರು. ಕೋಚ್ ತನ್ನ ಲೆಕ್ಕ ಮಾಡಿದರು. ಆದರೆ ಜನ ಲೆಕ್ಕ ಮಾಡುತ್ತಿರಲಿಲ್ಲ. 15ರ ವಯಸ್ಸಿನಿಂದ ಈ ದಿನಕ್ಕಾಗಿ ಬದುಕಿದ ಮನುಷ್ಯನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಕಳಿಸಿದ ಹಾಗೆ ಅವರಿಗೆ ಕಂಡಿತು. ಮದುವೆ ಮನೆ ಕಟ್ಟಿದವನಿಗೇ ಪಂಕ್ತಿಯಲ್ಲಿ ಎಲೆ ಇಲ್ಲ!

ಕಜು ಕೂದಲಿಗೆ ಬಂಗಾರದ ಬಣ್ಣ ಹಚ್ಚಿಸಿಕೊಂಡು ಜಪಾನಿಗೆ ಇಳಿದರು. ಯಾರನ್ನೂ ದೂರಲಿಲ್ಲ. ಜಪಾನ್ ತಂಡದ ಆಟಗಾರನೆಂಬ ಹೆಮ್ಮೆ, ಆತ್ಮದಂಥ ಏನೋ ಒಂದನ್ನು ಅಲ್ಲೇ ಇಟ್ಟು ಬಂದಿದ್ದೇನೆ ಎಂಬರ್ಥದ ಮಾತಾಡಿದರು. ಆ ವಿಶ್ವಕಪ್ ನಡೆದ ಫ್ರಾನ್ಸ್‌ನಲ್ಲಿ ಜಪಾನ್ ಮೂರೂ ಪಂದ್ಯ ಸೋತಿತು. 2002ರಲ್ಲಿ ವಿಶ್ವಕಪ್ ಜಪಾನಿಗೇ ಬಂತು. ಆಗಲೂ ಕಜುಗೆ ಕರೆ ಬರಲಿಲ್ಲ. 89 ಪಂದ್ಯಗಳಲ್ಲಿ 55 ಗೋಲು. ಅಲ್ಲಿಗೆ ದೇಶದ ಪರ ಅವರ ಆಟ ಮುಗಿದಿತ್ತು.

ಬೇರೆಯವರಾಗಿದ್ದರೆ ಅಲ್ಲಿಗೆ ನಿವೃತ್ತಿ, ಟಿವಿ ಕಾಮೆಂಟರಿ, ಕೋಚಿಂಗ್. ಕಜು ಆಡುತ್ತಲೇ ಹೋದರು. ಕ್ರೊಯೇಷಿಯಾದ ಜಾಗ್ರೆಬ್, ಆಮೇಲೆ ಕ್ಯೋಟೊ, ಕೋಬೆ. 2005ರಲ್ಲಿ, 38ರ ವಯಸ್ಸಿಗೆ ಎರಡನೇ ದರ್ಜೆಯ ಯೊಕೊಹಾಮಾ ಎಫ್‌ಸಿ. ಆ ಕ್ಲಬ್ಬಿನ ಹುಟ್ಟೂ ವಿಶೇಷ. ಯೊಕೊಹಾಮಾ ಫ್ಲೂಗೆಲ್ಸ್ ಎಂಬ ತಂಡವನ್ನು ಹಣದ ಮುಗ್ಗಟ್ಟಿನಿಂದ ಇನ್ನೊಂದು ತಂಡದಲ್ಲಿ ವಿಲೀನ ಮಾಡಿದಾಗ, ಒಪ್ಪದ ಅಭಿಮಾನಿಗಳು ಸೇರಿ ತಾವೇ ಕಟ್ಟಿದ ಕ್ಲಬ್ ಅದು. ಕ್ಲಬ್ ಕೈಬಿಟ್ಟ ಅಭಿಮಾನಿಗಳು ಕಟ್ಟಿದ ತಂಡಕ್ಕೆ, ದೇಶದ ತಂಡ ಕೈಬಿಟ್ಟ ಆಟಗಾರ ಬಂದ. 2006ರಲ್ಲಿ ತಂಡ ಮೇಲಿನ ದರ್ಜೆಗೆ ಏರಿತು. ಮರುವರ್ಷವೇ ಇಳಿದುಬಿಟ್ಟಿತು. ಆದರೆ ಇಳಿಯುವ ಮುಂಚಿನ ಕೊನೆಯ ಪಂದ್ಯದಲ್ಲಿ ಪ್ರಶಸ್ತಿಯ ಬಾಗಿಲಲ್ಲಿದ್ದ ಉರಾವಾ ರೆಡ್ಸ್ ತಂಡವನ್ನು 1-0ಯಿಂದ ಸೋಲಿಸಿತು. ಗೋಲಿಗೆ ಚೆಂಡು ಕೊಟ್ಟವರು 40ರ ಕಜು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಇದು ನಿಜವಾದ ಆಟವೋ, ಟಿಕೆಟ್ ಮಾರುವ ಉಪಾಯವೋ?

ಎರಡೂ ಇದೆ, ಮುಚ್ಚಿಡುವುದು ಬೇಡ. ಕಜು ಇದ್ದಲ್ಲಿ ಪ್ರಾಯೋಜಕರು ಬರುತ್ತಾರೆ, ಕ್ಯಾಮೆರಾ ಬರುತ್ತದೆ. 2022ರಲ್ಲಿ ನಾಲ್ಕನೇ ದರ್ಜೆಯ ಜೆಎಫ್‌ಎಲ್‌ನಲ್ಲಿ, ಅಣ್ಣನೇ ಕೋಚ್ ಆಗಿದ್ದ ಸುಜುಕಾ ತಂಡಕ್ಕೆ ಆಡಿದರು. ಆ ವರ್ಷ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆದ ಒಂದು ಪಂದ್ಯಕ್ಕೆ 16,218 ಜನ ಸೇರಿದರು. ಆ ಲೀಗಿನ ಇತಿಹಾಸದಲ್ಲೇ ದಾಖಲೆ. 2023ರಲ್ಲಿ ಪೋರ್ಚುಗಲ್‌ನ ಎರಡನೇ ದರ್ಜೆಯ ಒಲಿವೇರೆನ್ಸ್ ಕ್ಲಬ್ಬಿಗೆ ಹೋದರು. ಯೊಕೊಹಾಮಾ ಎಫ್‌ಸಿಯ ಹಿಂದಿರುವ ಒನೊಡೆರಾ ಗ್ರೂಪ್ ಆಗಷ್ಟೇ ಆ ಕ್ಲಬ್ಬಿನ ಹೆಚ್ಚಿನ ಪಾಲು ಕೊಂಡಿತ್ತು. 56ರ ಕಜು ಅಲ್ಲಿ ಆಡಿದ್ದು ಕೆಲವೇ ನಿಮಿಷ. ಇಷ್ಟು ಹೇಳಿದರೆ ವ್ಯಾಪಾರ ಅಂತಲೇ ಅನ್ನಿಸಬಹುದು.

ಆದರೆ ವ್ಯಾಪಾರಕ್ಕೆ ಅಷ್ಟು ಬೆವರು ಬೇಕಿಲ್ಲ. ಪ್ರತಿ ಋತುವಿನ ಮೊದಲು ಗುವಾಮ್ ದ್ವೀಪಕ್ಕೆ ಹೋಗಿ ಸ್ವಂತ ಶಿಬಿರ ಮಾಡಿ ಮೈ ಸಜ್ಜು ಮಾಡಿಕೊಳ್ಳುವುದು ಅವರ ರೂಢಿ. ಮಗನ ವಯಸ್ಸಿನ ಹುಡುಗರ ಜೊತೆ ಅದೇ ಓಟ, ಅದೇ ಕಸರತ್ತು. ಪಂದ್ಯದಲ್ಲಿ ಜಾಗ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಬೆಂಚಿನಲ್ಲೂ ಇಲ್ಲದ ವಾರಗಳೇ ಜಾಸ್ತಿ. ಹೆಸರಿಗಾಗಿ ಇರುವವನು ಆ ಅವಮಾನವನ್ನು ಯಾಕೆ ನುಂಗಬೇಕು?

2015ರಲ್ಲಿ ಹಿರಿಯ ಬೇಸ್‌ಬಾಲ್ ಆಟಗಾರ ಇಸಾವೊ ಹರಿಮೊಟೊ ಟಿವಿಯಲ್ಲಿ ಕಜು ನಿವೃತ್ತಿ ಆಗಬೇಕು, ಕಿರಿಯರಿಗೆ ಜಾಗ ಬಿಡಬೇಕು ಅಂದರು. ಅಭಿಮಾನಿಗಳು ಸಿಟ್ಟಾದರು. ಕಜು ಮಾತ್ರ ಸಿಟ್ಟಾಗಲಿಲ್ಲ. ಇನ್ನೂ ಚೆನ್ನಾಗಿ ಆಡು ಅಂತ ಹೇಳಿದ ಹಾಗೆ ತೆಗೆದುಕೊಂಡೆ ಎಂದರು. ನನಗೆ ಹರಿಮೊಟೊ ಮಾತಿನಲ್ಲೂ ಹುರುಳಿದೆ ಅನ್ನಿಸುತ್ತದೆ. ತಂಡದಲ್ಲಿ ಒಂದು ಜಾಗ ಅಂದರೆ ಯಾವುದೋ ಹುಡುಗನ ಜಾಗವೂ ಹೌದು. ಆದರೂ ಆ ಹುಡುಗ ಪ್ರತಿ ಬೆಳಗ್ಗೆ 50ರ ಮನುಷ್ಯ ಓಡುವುದನ್ನು ಪಕ್ಕದಲ್ಲೇ ನೋಡುತ್ತಾನೆ. ಅದರ ಬೆಲೆ ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ.

ದಾಖಲೆಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2017ರ ಮಾರ್ಚ್ 5ರಂದು 50 ವರ್ಷ 7 ದಿನದ ಕಜು ಆಡಿ, ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಅವರ 50 ವರ್ಷ 5 ದಿನದ ದಾಖಲೆ ದಾಟಿದರು. ಮುಂದಿನ ವಾರವೇ ಗೋಲು ಹೊಡೆದು ವೃತ್ತಿಪರ ಲೀಗ್‌ಗಳಲ್ಲಿ ಗೋಲು ಗಳಿಸಿದ ಅತಿ ಹಿರಿಯರಾದರು. 2020ರ ಸೆಪ್ಟೆಂಬರ್‌ನಲ್ಲಿ 53ರ ವಯಸ್ಸಿನಲ್ಲಿ ನಾಯಕನ ಪಟ್ಟಿ ಕಟ್ಟಿಕೊಂಡು ಜೆ ಲೀಗಿನ ಮೇಲಿನ ದರ್ಜೆಯಾದ ಜೆ1ರ ಪಂದ್ಯಕ್ಕೆ ಇಳಿದರು. 2024ರಲ್ಲಿ ಪೋರ್ಚುಗಲ್‌ನಿಂದ ಮತ್ತೆ ಸುಜುಕಾಗೆ ಬಂದರು.

ಇವೆಲ್ಲಕ್ಕಿಂತ ಕಜು ಯಾರು ಅನ್ನುವುದನ್ನು ತೋರಿಸುವುದು 2011ರ ಒಂದು ಸಂಜೆ ಅಂತ ನಾನು ನಂಬುತ್ತೇನೆ. ಮಾರ್ಚ್ 11ರಂದು ಈಶಾನ್ಯ ಜಪಾನನ್ನು ಭೂಕಂಪ ಮತ್ತು ಸುನಾಮಿ ಒರೆಸಿಹಾಕಿತ್ತು. ಲೀಗ್ ನಿಂತುಹೋಗಿತ್ತು. 18 ದಿನ ಕಳೆದು, ಮಾರ್ಚ್ 29ರಂದು ಒಸಾಕಾದ ನಾಗೈ ಕ್ರೀಡಾಂಗಣದಲ್ಲಿ ಸಂತ್ರಸ್ತರ ನೆರವಿಗಾಗಿ ಒಂದು ಪಂದ್ಯ. ಒಂದು ಕಡೆ ಜಪಾನ್ ರಾಷ್ಟ್ರೀಯ ತಂಡ, ನೀಲಿ ಜೆರ್ಸಿ. ಇನ್ನೊಂದು ಕಡೆ ಜೆ ಲೀಗಿನ ಆಯ್ದ ಆಟಗಾರರು. ಎರಡನೇ ಅರ್ಧದಲ್ಲಿ 44ರ ಕಜು ಒಳಗೆ ಬಂದರು.

ಜಪಾನ್ 2-0 ಮುಂದಿತ್ತು. 82ನೇ ನಿಮಿಷ. ಹಿಂದಿನಿಂದ ಉದ್ದ ಚೆಂಡು ಬಂತು. ಕಜು ತಂಡದ ಟೂಲಿಯೊ ಎಗರಿ ತಲೆಯಿಂದ ಮುಂದಕ್ಕೆ ತಳ್ಳಿದರು. ಕಜು ರಕ್ಷಕರ ನಡುವೆ ನುಗ್ಗಿ ಚೆಂಡನ್ನು ಬಲಗಾಲಿಂದ ಬಲೆಗೆ ಸೇರಿಸಿದರು. ಹದಿಮೂರು ವರ್ಷದ ಹಿಂದೆ ನಿಯೋನ್‌ನಲ್ಲಿ ಆತ್ಮ ಬಿಟ್ಟು ಬಂದೆ ಎಂದಿದ್ದರಲ್ಲ, ಅದೇ ನೀಲಿ ತಂಡದ ವಿರುದ್ಧ ಗೋಲು! ನಂತರ ಮೈದಾನದ ಅಂಚಿಗೆ ಓಡಿದರು. ಪಾದಗಳು ಪಟಪಟನೆ ಆಡಿದವು, ಸೊಂಟ ಕುಣಿಯಿತು, ಬೆರಳು ಆಕಾಶದತ್ತ ಹೋಯಿತು. 40 ಸಾವಿರ ಜನ ಎದ್ದು ಕೂಗಿದರು. ಗೋಲು ಬಿಟ್ಟುಕೊಟ್ಟ ತಂಡದ ಕಡೆಯವರೂ ಕೂಗಿದರು.